ಸೂಜುಮಲ್ಲಿಗೆಯ ಪಯಣ

ಕೆನಡಾದ ಹೈವೇ 400ರಲ್ಲಿ ವಾನ್ ನಗರ ದಾಟುವಾಗ ನಮ್ಮ ಕಾರಿನಲ್ಲಿ ‘ಸೋಜುಗದ ಸೂಜುಮಲ್ಲಿಗೆ’ ಶುರುವಾದರೆ, ಇಲ್ಲೇ ಹುಟ್ಟಿ ಬೆಳೆದ ಮಕ್ಕಳೂ ದನಿಗೂಡಿಸುತ್ತಾರೆ. ಇದು ಮಲೆ ಮಹದೇಶ್ವರನ ಒಕ್ಕಲಿನ ಹಾಡು. ಕಂಸಾಳೆ, ದಮ್ಮಡಿ, ತಂಬೂರಿ ಹಿಡಿದ ದೇವರಗುಡ್ಡರ ನಾಡಿನದು. ಭಕ್ತ ಇಲ್ಲಿ ವರ ಬೇಡುವುದಕ್ಕಿಂತ ಹೂ ಎಣಿಸುವುದೇ ಹೆಚ್ಚು: ಮಲ್ಲಿಗೆ, ತಾವರೆ, ಬಿಲ್ವಪತ್ರೆ, ತುಳಸಿ. ಆ ಎಣಿಕೆಯೇ ಪೂಜೆ.

ಅನನ್ಯ ಭಟ್ ಹಾಡಿದ ಮೇಲೆ ಇದು ಮನೆಮನೆ ಮುಟ್ಟಿತು. 2021ರ ‘ಗರುಡ ಗಮನ ವೃಷಭ ವಾಹನ’ ಚಿತ್ರದಲ್ಲಿ ಮಿಧುನ್ ಮುಕುಂದನ್ ಸಂಗೀತಕ್ಕೆ ಚೈತ್ರಾ ಆಚಾರ್ ದನಿಯಾದರು. ಕೊಲೆ ಮಾಡಿ ಬಂದ ಶಿವ ಎಂಬ ಪಾತ್ರ ಹುಲಿಕುಣಿತದ ಹೆಜ್ಜೆ ಹಾಕುವಾಗ ಈ ಭಕ್ತಿಗೀತೆ! ಹಾಡಿನ ಮೃದುತ್ವ ಒಂದಿಷ್ಟೂ ಕದಡುವುದಿಲ್ಲ. ನಮ್ಮ ಎದೆಯೇ ನಡುಗುತ್ತದೆ. ಹೊಸ ಸಂಗೀತ ಜನಪದದಿಂದ ಪಡೆದ ದೊಡ್ಡ ಕಾಣಿಕೆ, ಹಿಂಸೆಯ ನಡುವೆಯೂ ಮೃದುವಾಗಿ ಉಳಿಯುವ ಈ ಧೈರ್ಯ ಎಂದೇ ನನ್ನ ನಂಬಿಕೆ.

ಬಲ್ಗೇರಿಯಾದ ರೊಡೊಪಿ ಬೆಟ್ಟಗಳ ‘ಇಜ್ಲೆಲ್ ಎ ದೆಲ್ಯೊ ಹಯ್ದುತಿನ್’ ಎಂಬ ಜನಪದ ಹಾಡು ಕೇಳಿದಾಗಲೂ ಇದೇ ರೋಮಾಂಚನ. ಬಂಡಾಯಗಾರ ದೆಲ್ಯೊನ ಈ ಕಥೆಯನ್ನು ವಾಲ್ಯಾ ಬಲ್ಕಾನ್ಸ್ಕಾ ತಾಳದ ಹಂಗಿಲ್ಲದೆ, ಉಸಿರು ಎಳೆದೆಳೆದು ಹಾಡುತ್ತಾರೆ. ಕೆಳಗೆ ‘ಗಾಯ್ದಾ’ ಎಂಬ ತೊಗಲುಚೀಲದ ವಾದ್ಯ ಬಿಡದೆ ಶ್ರುತಿ ಹಿಡಿದಿರುತ್ತದೆ, ನಮ್ಮ ತಂಬೂರಿಯ ಹಾಗೆ. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳು ಹೊತ್ತೊಯ್ದ, ಭೂಮಿಯ ಹಾಡುಗಳ ಚಿನ್ನದ ಲೇಪದ ತಟ್ಟೆ ಸೇರಿ ಈ ಹಾಡು ಆಕಾಶಕ್ಕೇರಿತು. ಅದೇ ತಟ್ಟೆಯಲ್ಲಿ ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ಮುಂದಿನ ತಟ್ಟೆಗೆ ಹಾಡು ಆರಿಸುವವರು ನನ್ನನ್ನು ಕೇಳಿದರೆ, ಕಂಸಾಳೆಯ ಸದ್ದಿನೊಡನೆ ಸೂಜುಮಲ್ಲಿಗೆಯ ಹೆಸರನ್ನೇ ಹೇಳುತ್ತೇನೆ.