ಒಂಬತ್ತನೆಯ ಭೋಗ

ಬೆಂಗಳೂರಿನ ಐಟಿ ಪಾರ್ಕಿನ ಪಕ್ಕದ ಪಟ್ಟಂದೂರು ಅಗ್ರಹಾರದ ಹೆಸರಿನಲ್ಲೇ ಒಂದು ದಾನವಿದೆ. ಅಗ್ರಹಾರವೆಂದರೆ ಬ್ರಾಹ್ಮಣರಿಗೆ ಬಿಟ್ಟುಕೊಟ್ಟ ಊರು. ಹೀಗೆ ಊರು ಬಿಟ್ಟಾಗ ಬರೆಸಿದ ನಮ್ಮ ಶಾಸನಗಳಲ್ಲಿ ಅಷ್ಟಭೋಗಗಳ, ಅಂದರೆ ದಾನ ಪಡೆದವರಿಗೆ ಸಲ್ಲುವ ಎಂಟು ಹಕ್ಕುಗಳ, ಪಟ್ಟಿ ಬರುತ್ತದೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಹೂತಿಟ್ಟ ಹೊನ್ನಿಗೂ ಲೆಕ್ಕವುಂಟು, ಬಂಡೆಗೂ ಉಂಟು. ಆ ನೆಲವನ್ನು ಉಳುತ್ತಿದ್ದವನ ದುಡಿಮೆ ಈ ಎಂಟರಲ್ಲಿಲ್ಲ. ಅದು ಹೇಳದೆಯೇ ಸಲ್ಲುತ್ತಿದ್ದ ಒಂಬತ್ತನೆಯ ಭೋಗ.

ಈಚೆಗೆ ಇದು ನೆನಪಾದದ್ದು ಸೇವಾಸಂಸ್ಥೆಗಳ ‘ಆಧುನಿಕ ಗುಲಾಮಗಿರಿ ತಡೆ ಹೇಳಿಕೆ’ಗಳನ್ನು ಓದುವಾಗ. ಇದೊಂದು ಹೊಸ ಗದ್ಯಪ್ರಕಾರವೆಂದೇ ಹೇಳಬೇಕು. ಇದರ ತವರು ಬ್ರಿಟನ್ನಿನ 2015ರ ಕಾಯ್ದೆಯ 54ನೆಯ ಕಲಂ. ವರ್ಷಕ್ಕೆ 3.6 ಕೋಟಿ ಪೌಂಡು ಅಥವಾ ಅದಕ್ಕೂ ಹೆಚ್ಚು ವಹಿವಾಟಿರುವ ಸಂಸ್ಥೆ ತನ್ನ ಕೆಲಸದಲ್ಲೂ ತನಗೆ ಸರಕು ಒದಗಿಸುವವರಲ್ಲೂ ಗುಲಾಮಗಿರಿ, ಮಾನವ ಕಳ್ಳಸಾಗಣೆ ನಡೆಯದಂತೆ ಏನು ಮಾಡಿದೆ ಎಂದು ಪ್ರತಿವರ್ಷ ಹೇಳಬೇಕು. ವ್ಯಾಪಾರವನ್ನೂ ಇಟ್ಟುಕೊಂಡ ದೊಡ್ಡ ದತ್ತಿಸಂಸ್ಥೆಗಳೂ ಇದರೊಳಗೆ ಬರುತ್ತವೆ. ಆಸ್ಟ್ರೇಲಿಯ 2018ರಲ್ಲಿ ಇಂಥದ್ದೇ ಕಾಯ್ದೆ ಮಾಡಿತು.

ಇದರಲ್ಲಿ ಮೆಚ್ಚಬೇಕಾದದ್ದು ಒಂದಿದೆ. ಒಳ್ಳೆಯ ಕೆಲಸ ಮಾಡುವವರ ಮನೆಯಲ್ಲಿ ಕೆಟ್ಟದ್ದು ನಡೆಯಲಾರದು ಎಂಬ ನಂಬಿಕೆಯನ್ನು ಅದು ಕಾಗದದ ಮೇಲಾದರೂ ಮುರಿಯಿತು. ಹೈಟಿಯಲ್ಲಿ ಬ್ರಿಟನ್ನಿನ ಸೇವಾಸಂಸ್ಥೆ ಆಕ್ಸ್‌ಫಾಮ್‌ನ ಸಿಬ್ಬಂದಿ ಲೈಂಗಿಕ ದುರ್ನಡತೆಯಲ್ಲಿ ಸಿಕ್ಕಿಬಿದ್ದದ್ದು, ಒಳಗೊಳಗೇ ವಿಚಾರಣೆ ನಡೆದದ್ದು 2011ರಲ್ಲಿ. ಊರಿಗೆಲ್ಲ ತಿಳಿದದ್ದು 2018ರಲ್ಲಿ, ಅದೂ ಪತ್ರಿಕೆ ಬರೆದ ಮೇಲೆ. ಸೇವೆಯ ಹೆಸರು ಎಷ್ಟು ದಪ್ಪ ಪರದೆಯೆಂದು ತಿಳಿಯಲು ಈ ಏಳು ವರ್ಷ ಸಾಕು.

ಆದರೆ ಆ 54ನೆಯ ಕಲಮನ್ನು ನಿಧಾನವಾಗಿ ಓದಬೇಕು. ‘ನಾವು ಯಾವ ಕ್ರಮವನ್ನೂ ಕೈಗೊಂಡಿಲ್ಲ’ ಎಂದು ಬರೆದು ಸಹಿ ಹಾಕಿದರೂ ಕಾನೂನು ಪಾಲಿಸಿದಂತೆಯೇ! ತಪ್ಪೊಪ್ಪಿಗೆಯೇ ಪರಿಹಾರವೂ ಆಗುವ ಸವಲತ್ತು ಇದು. ಹೇಳಿಕೆಗಳ ಒಕ್ಕಣೆಯೂ ಒಂದೇ ಅಚ್ಚಿನದು: ‘ಸಹಿಸುವುದಿಲ್ಲ’, ‘ಬದ್ಧರಾಗಿದ್ದೇವೆ’, ‘ಅನುಮಾನವಿದ್ದರೆ ಈ ಸಂಖ್ಯೆಗೆ ತಿಳಿಸಿ’. ತಿಳಿಸಬೇಕಾದವರು ಯಾರು? ಸಿಕ್ಕಿಹಾಕಿಕೊಂಡವರೇ. ಈ ಪ್ರಕಾರದ ಮೇಲೆ ನನ್ನ ಮುಖ್ಯ ತಕರಾರು ಇದು.

ನಮ್ಮಲ್ಲಿ ಇದಕ್ಕೆ ಹಳೆಯ ಹೆಸರುಂಟು: ಜೀತ. ಅದನ್ನು ರದ್ದು ಮಾಡಿದ 1976ರ ಕಾಯ್ದೆ ಬ್ರಿಟನ್ನಿನದಕ್ಕಿಂತ ಸುಮಾರು ನಲವತ್ತು ವರ್ಷ ಹಿರಿಯದು, ಒಂದು ವಿಷಯದಲ್ಲಿ ಅದಕ್ಕಿಂತ ಜಾಣ. ‘ಇದು ಜೀತದ ಸಾಲ’ ಎಂದು ಆಳು ಹೇಳಿದರೆ, ಅಲ್ಲವೆಂದು ಸಾಬೀತು ಮಾಡುವ ಹೊಣೆಯನ್ನು 15ನೆಯ ಕಲಂ ಸಾಲ ಕೊಟ್ಟವನ ಮೇಲೆ ಹೊರಿಸುತ್ತದೆ. ದೆಹಲಿಯ ಏಷ್ಯಾಡ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1982ರಲ್ಲಿ ಇನ್ನೂ ಮುಂದೆ ಹೋಯಿತು: ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆ. ಕೈಗೆ ಕೋಳ ಬೇಕಿಲ್ಲ, ಹಸಿವೇ ಸಾಕು. ಕಾಯ್ದೆ ಜಾರಿಯಾದ ಬಗೆ ಬೇರೆ ಕತೆ. ಜೀತವಿಮುಕ್ತಿಗೆ ದುಡಿಯುವ ಕಿರಣ್ ಕಮಲ್ ಪ್ರಸಾದರ ‘ಜೀವಿಕ’ ಸಂಘಟನೆ ಹಳ್ಳಿ ಹಳ್ಳಿ ಸುತ್ತಿ ಜೀತದಾಳುಗಳ ಪಟ್ಟಿ ಮಾಡಬೇಕಾಗಿ ಬಂದದ್ದೇ ಅದಕ್ಕೆ ಸಾಕ್ಷಿ. ಅವರು ಫೋನು ಬರಲೆಂದು ಕಾಯಲಿಲ್ಲ, ಹೋಗಿ ಕೇಳಿದರು.

ಈ ಅಳತೆಗೋಲು ಹಿಡಿದು ಐಟಿ ಪಾರ್ಕಿನ ಸುತ್ತಮುತ್ತ ಕಚೇರಿಯಿಟ್ಟ ಯಾವುದೇ ಟ್ರಸ್ಟಿನ ಗೇಟಿಗೆ ಬನ್ನಿ. ಸೆಕ್ಯುರಿಟಿಯವನು ಏಜೆನ್ಸಿಯ ಆಳು, ಕಸ ಗುಡಿಸುವಾಕೆ ಇನ್ನೊಂದು ಏಜೆನ್ಸಿಯವಳು. ಕೆಲಸಕ್ಕೆ ಸೇರಲು ಯಾರಿಗೆ ಎಷ್ಟು ಕೊಟ್ಟ? ಯೂನಿಫಾರ್ಮಿನ ದುಡ್ಡು ಸಂಬಳದಲ್ಲಿ ಮುರಿದುಕೊಂಡರೇ? ಒರಿಜಿನಲ್ ಆಧಾರ್ ಯಾರ ಬೀರುವಿನಲ್ಲಿದೆ? ಊರಲ್ಲಿ ಮೇಸ್ತ್ರಿಯ ಹತ್ತಿರ ಮುಂಗಡ ಉಳಿದಿದೆಯೇ? ನಾನು ಓದಿದ ಹೇಳಿಕೆಗಳಲ್ಲಿ ದೂರದ ದೇಶದ ಹತ್ತಿ ಹೊಲದ ಮಾತು ಬಂದಷ್ಟು ಈ ಗೇಟಿನ ಮಾತು ಬರಲಿಲ್ಲ.

ದುಡ್ಡಿನ ಕಡೆಯೂ ನೋಡಬೇಕು. ವಿದೇಶಿ ದೇಣಿಗೆಯಲ್ಲಿ ಆಡಳಿತಕ್ಕೆ ಖರ್ಚು ಮಾಡಬಹುದಾದ ಪಾಲನ್ನು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ 2020ರ ತಿದ್ದುಪಡಿ ಶೇ. 50ರಿಂದ ಶೇ. 20ಕ್ಕೆ ಇಳಿಸಿತು. ‘ನಿಮ್ಮ ರೂಪಾಯಿ ನೇರ ಬಡವರಿಗೇ’ ಎಂಬ ಮಾತು ದಾನಿಗಳಿಗೂ ಹಿತ. ಕತ್ತರಿ ಮೊದಲು ಬೀಳುವುದು ಯಾರ ಕೂಲಿಯ ಮೇಲೆಂದು ಊಹಿಸಲು ಪಾಂಡಿತ್ಯ ಬೇಡ. ಎಲ್ಲರಿಗಿಂತ ಕಡಿಮೆ ಕೋಟ್ ಮಾಡಿದ ಏಜೆನ್ಸಿಗೆ ಕೆಲಸ ವಹಿಸಿ, ಅದೇ ಏಜೆನ್ಸಿಯಿಂದ ‘ನಮ್ಮಲ್ಲಿ ಗುಲಾಮಗಿರಿಯಿಲ್ಲ’ ಎಂದು ಬರೆಸಿಕೊಳ್ಳುವುದು ಎಂಥ ತಪಾಸಣೆ?

ಇನ್ನೂ ಒಳಗಿನ ಜಾಗವೊಂದಿದೆ. ಕೌಶಲ ತರಬೇತಿ ಕೊಡುವ ಸೇವಾಸಂಸ್ಥೆಗಳು ಹಳ್ಳಿಯ ಹುಡುಗಿಯರನ್ನು ಕರೆತಂದು ಕೆಲಸಕ್ಕೆ ಹಚ್ಚುತ್ತವೆ. ಸರ್ಕಾರದ ಯೋಜನೆಯಾದರೆ, ಎಷ್ಟು ಜನರನ್ನು ಸೇರಿಸಿದಿರಿ ಎಂಬುದರ ಮೇಲೆ ಕಂತು ಬಿಡುಗಡೆ. ಸೇರಿದ ಮೇಲೆ? ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳ ವಲಸೆ ಹೆಣ್ಣುಮಕ್ಕಳ ಬಗ್ಗೆ ಗಾರ್ಮೆಂಟ್ ಲೇಬರ್ ಯೂನಿಯನ್ ಮತ್ತು ಹಾಲೆಂಡಿನ ಸಂಘಟನೆಗಳು 2018ರಲ್ಲಿ ತಂದ ವರದಿ, ಬಲವಂತದ ದುಡಿಮೆಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಗುರುತಿಸಿದ 11 ಲಕ್ಷಣಗಳಲ್ಲಿ ಐದು ಇಲ್ಲಿವೆ ಎಂದಿತು. ಹಾಸ್ಟೆಲಿನಿಂದ ಹೊರಗೆ ಹೋಗಲು ಕಟ್ಟುಪಾಡು ಅದರಲ್ಲೊಂದು. ಹುಡುಗಿಯನ್ನು ಬಸ್ಸು ಹತ್ತಿಸಿದ ಸಂಸ್ಥೆಯ ವರದಿಯಲ್ಲಿ ಆಕೆ ಯಶೋಗಾಥೆ.

ಹೋಗಲು ಬಿಡದಿರುವುದೇ ಜೀತದ ಜೀವ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನಿನ ನಡುವೆ, ಬಿಲ್ಡರುಗಳ ಜೊತೆ ಸಭೆ ನಡೆಸಿದ ಮೇಲೆ ರಾಜ್ಯ ಸರ್ಕಾರ ವಲಸೆ ಕಾರ್ಮಿಕರನ್ನು ಊರಿಗೆ ಮುಟ್ಟಿಸುವ ಶ್ರಮಿಕ್ ರೈಲುಗಳು ಬೇಡವೆಂದು ರೈಲ್ವೆಗೆ ಪತ್ರ ಬರೆಯಿತು. ಟೀಕೆಯ ಸುರಿಮಳೆಯಾದ ಮೇಲೆ ಹಿಂದೆ ಸರಿಯಿತು. ಆ ವಾರ ಊಟದ ಪೊಟ್ಟಣ ಹಿಡಿದು ಲೇಬರ್ ಶೆಡ್ಡುಗಳಿಗೆ ಹೋದ ಸಂಸ್ಥೆಗಳು ಬಹಳ. ಅನ್ನ ಕೊಟ್ಟದ್ದು ಸಣ್ಣ ಮಾತಲ್ಲ. ಆದರೆ ಮುಂಗಡ ತೀರಿದೆಯೇ, ಬಾಕಿ ಕೂಲಿ ಬಂದಿದೆಯೇ ಎಂದು ಕೇಳಿ ಬರೆದುಕೊಳ್ಳಲು ಅದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ.

ಹೇಳಿಕೆ ಬರೆಯಲೇಬೇಕೆಂದಿದ್ದರೆ 15ನೆಯ ಕಲಮಿನ ಮಾದರಿಯಲ್ಲಿ ಬರೆಯಲಿ: ದೂರು ಬಂದಿಲ್ಲ ಎಂದಲ್ಲ, ಸಂಬಳ ಪೂರ್ತಿ ಸಂದಿದೆ, ಸೇರುವಾಗ ಕೊಟ್ಟ ದುಡ್ಡು ವಾಪಸಾಗಿದೆ, ಇಗೋ ಚೀಟಿ ಎಂದು. ಪುರಾವೆಯನ್ನು ಟ್ರಸ್ಟೇ ಇಡಲಿ. ಸದ್ಯಕ್ಕೆ ಗೇಟಿನಲ್ಲಿರುವ ಪುಸ್ತಕ ಸಂದರ್ಶಕರದು. ನಾನು ಬಂದ ಹೊತ್ತು, ಹೋದ ಹೊತ್ತು, ಫೋನ್ ನಂಬರು ಎಲ್ಲವನ್ನೂ ಕಾವಲಿನವನು ನನ್ನಿಂದಲೇ ಬರೆಸಿಕೊಳ್ಳುತ್ತಾನೆ. ಅವನ ಡಬಲ್ ಡ್ಯೂಟಿಯ ಲೆಕ್ಕ ಮಾತ್ರ ಏಜೆನ್ಸಿಯ ಕಚೇರಿಯಲ್ಲಿರುತ್ತದೆ.