ನಾಲ್ಕನೆಯ ನಿಮಿಷ

ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಬರ ಬಿದ್ದಿದ್ದಾಗ ಜನ ಬಚ್ಚಲಲ್ಲಿ ಮೂರು ನಿಮಿಷದ ಮರಳು ಗಡಿಯಾರ ಇಟ್ಟುಕೊಂಡು, ಅದು ಬರಿದಾಗುವುದರೊಳಗೆ ಸ್ನಾನ ಮುಗಿಸುತ್ತಿದ್ದರು. 2008ರಲ್ಲಿ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ ಶುರುಮಾಡಿದ ‘ತ್ರೀ ಮಿನಿಟ್ ಥೀಸಿಸ್’ ಸ್ಪರ್ಧೆಗೆ ಕಾಲಮಿತಿ ಸಿಕ್ಕಿದ್ದು ಅಲ್ಲಿಂದ. 80,000 ಪದಗಳ ಪಿಎಚ್.ಡಿ. ಪ್ರಬಂಧದ ಸಾರವನ್ನು ಮೂರು ನಿಮಿಷದಲ್ಲಿ ಹೇಳಬೇಕು. ಒಂದೇ ಸ್ಲೈಡ್, ಅದೂ ಅಲುಗಾಡುವಂತಿಲ್ಲ. ಹಾಡು, ಪದ್ಯ, ಕೈಯಲ್ಲೊಂದು ಸಾಮಾನು, ಯಾವುದೂ ಕೂಡದು. ಸಮಯ ಮೀರಿದರೆ ಸ್ಪರ್ಧೆಯಿಂದಲೇ ಹೊರಗೆ.

ಈ ಕಟ್ಟುನಿಟ್ಟನ್ನು ನಾನು ಮನಸಾರೆ ಮೆಚ್ಚುತ್ತೇನೆ. ನಮ್ಮ ಸೆಮಿನಾರುಗಳಲ್ಲಿ ಸಂಶೋಧನಾ ವಿದ್ಯಾರ್ಥಿಗಳು ಹಿಂದಿನವರೆಲ್ಲ ಮಾಡಿದ್ದನ್ನು ಹೇಳುತ್ತ ಹೇಳುತ್ತ ತಾವು ಮಾಡಿದ್ದಕ್ಕೆ ಬರುವ ಹೊತ್ತಿಗೆ ಗಂಟೆ ಬಾರಿಸಿರುತ್ತದೆ. ಕಿಕ್ಕಿರಿದ ಗ್ರಾಫುಗಳ ಹಿಂದೆ ಅಡಗಿಕೊಳ್ಳುವುದು ಸುಲಭ. ಒಂದೇ ಸ್ಲೈಡಿನ ಮುಂದೆ ಆ ಮರೆ ಇಲ್ಲ. ನನ್ನ ಕೆಲಸದ ತಿರುಳೇನು ಎಂದು ತನ್ನನ್ನೇ ಕೇಳಿಕೊಳ್ಳದೆ ಯಾರೂ ಬಾಯಿ ತೆರೆಯಲಾರರು.

ಆದರೆ ತೀರ್ಪಿನ ಮಾನದಂಡಗಳನ್ನು ನೋಡಿ. ಕೇಳುಗರಿಗೆ ಇನ್ನಷ್ಟು ತಿಳಿಯುವ ಆಸೆ ಹುಟ್ಟಿತೇ ಎಂಬುದಕ್ಕೆ ಅಂಕವಿದೆ. ಆ ಆಸೆ ಹುಟ್ಟಿದವರು ಪ್ರಶ್ನೆ ಕೇಳಲು ಸ್ಪರ್ಧೆಯಲ್ಲಿ ಜಾಗವಿಲ್ಲ. ಸಂಶೋಧನೆಯನ್ನು ಹಗುರಗೊಳಿಸಬಾರದು ಎಂದೂ ಮಾನದಂಡ ಹೇಳುತ್ತದೆ. ಆದರೂ ಮಲೇರಿಯಾ ಪರಾವಲಂಬಿಯ ಒಂದು ಪ್ರೋಟೀನಿನ ಬಗ್ಗೆ ಮಾತನಾಡುವವರು ಸಾವಿನ ಸಂಖ್ಯೆಯಿಂದ ಆರಂಭಿಸಿ ಹೊಸ ಔಷಧದ ಭರವಸೆಯಲ್ಲಿ ಮುಗಿಸಿದರೆ, ಆ ಫಲಿತಾಂಶ ಇನ್ನೂ ಪ್ರಯೋಗಾಲಯದ ತಟ್ಟೆಯಲ್ಲಿದೆ ಎಂಬ ಸಂಗತಿಗೆ ಹೊತ್ತು ಉಳಿಯುವುದಿಲ್ಲ. ಮದ್ದು ಬಂದೇಬಿಟ್ಟಿತು ಎಂದುಕೊಂಡು ಕೇಳುಗರು ಏಳುತ್ತಾರೆ. ಏನು ಕಂಡುಕೊಂಡೆವು ಎಂಬುದರಷ್ಟೇ ಅದು ನಮಗೆ ಹೇಗೆ ಗೊತ್ತಾಯಿತು, ಎಷ್ಟು ಖಚಿತ ಎಂಬುದೂ ವಿಜ್ಞಾನವೇ. ಅದಕ್ಕಾಗಿ ನಾಲ್ಕನೆಯದೊಂದು ನಿಮಿಷ ಬೇಕು, ಅದು ಕೇಳುಗರದ್ದಾಗಬೇಕು. “ಇದಿನ್ನೂ ನಮಗೆ ತಿಳಿದಿಲ್ಲ” ಎಂದು ಸ್ಪಷ್ಟವಾಗಿ ಹೇಳಿದವರಿಗೆ ಅಂಕ ಸಿಗಬೇಕು.

ಭಾಷೆಯ ಮಾತೂ ಇದೆ. ಕ್ವಿಬೆಕ್‌ನ ಆಕ್‌ಫಾಸ್ ಸಂಸ್ಥೆ 2012ರಲ್ಲಿ ಈ ಸ್ಪರ್ಧೆಯನ್ನು ಫ್ರೆಂಚಿಗೆ ಒಗ್ಗಿಸಿಕೊಂಡಿತು. ಎರಡೇ ವರ್ಷದಲ್ಲಿ ಫ್ರಾನ್ಸೂ ಕೈಗೆತ್ತಿಕೊಂಡಿತು. ಕನ್ನಡದಲ್ಲಿ ಇದನ್ನು ನಡೆಸುವುದಾದರೆ ನಮ್ಮ ಕೃಷಿ ವಿಶ್ವವಿದ್ಯಾಲಯಗಳಿಂದಲೇ ಶುರುವಾಗಲಿ. ತೊಗರಿಯ ಗೊಡ್ಡು ರೋಗವನ್ನು ನುಸಿ ಹೇಗೆ ಹರಡುತ್ತದೆ ಎಂದು ವಿದ್ಯಾರ್ಥಿ ಮೂರು ನಿಮಿಷದಲ್ಲಿ ವಿವರಿಸಿದ ಮೇಲೆ ಕಲಬುರಗಿಯ ರೈತರೊಬ್ಬರು, “ಹಂಗಾದ್ರ ಈ ಸಲ ಯಾವ ತಳಿ ಹಾಕಬೇಕ್ರಿ?” ಎಂದು ಕೇಳುವಂತಿರಬೇಕು. ತೀರ್ಪುಗಾರರ ಸಾಲಿನಲ್ಲೂ ಅಂಥವರಿಗೊಂದು ಕುರ್ಚಿ ಹಾಕಿ, ಅವರು ಕೊಡುವ ಅಂಕವನ್ನು ಪ್ರಾಧ್ಯಾಪಕರ ಅಂಕದಷ್ಟೇ ತೂಕಕ್ಕೆ ಹಿಡಿಯಬೇಕು.