ಅಂಟಿಸೋಕೆ 80 ನಿಮಿಷ, ಬರೆಯೋಕೆ 10

ನಾನು ಅಲ್ಲಿಗೆ ಹೋದದ್ದು ಹೆಂಡತಿಯ ಡ್ರೈವರ್ ಆಗಿ. ಅದನ್ನ ಮೊದಲೇ ಹೇಳಿಬಿಡೋದು ಒಳ್ಳೇದು. ಸ್ಕ್ರ್ಯಾಪ್‌ಬುಕ್ ಸಮಾವೇಶ ಅಂತ ಅವಳು ಅಂದಾಗ ನನಗೆ ನೆನಪಾದದ್ದು ನಮ್ಮೂರ ಸಾಲಿಯಲ್ಲಿ ಮಾಡಿಸ್ತಿದ್ದ ಚಿತ್ರಸಂಗ್ರಹ. ಹಳೇ ನೋಟ್‌ಬುಕ್ಕು, ಯಾರದೋ ಮನೆಯಿಂದ ಬೇಡಿ ತಂದ ಸುಧಾ, ತರಂಗದ ಚಿತ್ರಗಳು, ಜಾಲಿ ಗಿಡದ ಅಂಟು. ಅದಕ್ಕೆ ಯಾರಾದರೂ ಮೂರು ದಿನದ ಸಮಾವೇಶ ಮಾಡ್ತಾರಾ, ಅದಕ್ಕೆ ಟಿಕೆಟ್ ಇಡ್ತಾರಾ ಅಂತ ನಕ್ಕಿದ್ದೆ. ‘ನೀವು ನಗಬ್ಯಾಡ್ರಿ, ಒಂದು ಕ್ಲಾಸಿಗೆ ನಿಮ್ಮ ಹೆಸರೂ ಹಾಕೀನಿ’ ಅಂದಳು. ಹೀಗಾಗಿ ಈ ವಿಮರ್ಶೆ, ಹೊರಗೆ ಕೂತು ನೋಡಿದವನದಲ್ಲ. ಕೈಗೆ ಅಂಟು ಮೆತ್ತಿಕೊಂಡವನದು.

ಜಾಗ ಅಮೆರಿಕದ ಯೂಟಾ ರಾಜ್ಯ, ಸಾಲ್ಟ್ ಲೇಕ್ ಕಣಿವೆಯ ಒಂದು ದೊಡ್ಡ ಪ್ರದರ್ಶನ ಸಭಾಂಗಣ. ಒಳಗೆ ಮೂರು ಭಾಗ. ಒಂದು ಕಡೆ ಅಂಗಡಿ ಸಾಲು: 12 ಇಂಚು ಉದ್ದ, 12 ಇಂಚು ಅಗಲದ ಬಣ್ಣದ ಹಾಳೆ, ಸ್ಟಿಕ್ಕರ್, ರಬ್ಬರ್ ಸ್ಟಾಂಪು, ಜಪಾನಿನ ವಾಶಿ ಟೇಪು, ಕಾಗದವನ್ನ ಬೇಕಾದ ಆಕಾರಕ್ಕೆ ಕತ್ತರಿಸೋ ಮಷೀನು. ಇನ್ನೊಂದು ಕಡೆ ಕ್ಲಾಸ್ ರೂಮುಗಳು. ಮೂರನೇದು ಉದ್ದುದ್ದ ಮೇಜು ಹಾಕಿದ ಹಾಲು. ಅಲ್ಲಿ ಜಾಗಕ್ಕೆ ದುಡ್ಡು ಕೊಟ್ಟು, ತಮ್ಮದೇ ಸಾಮಾನು, ತಮ್ಮದೇ ದೀಪ, ತಿಂಡಿ ಡಬ್ಬಿ ಎಲ್ಲ ತಂದು ಬೆಳಿಗ್ಗೆಯಿಂದ ಮಧ್ಯರಾತ್ರಿ ತನಕ ಕೂತು ಅಂಟಿಸ್ತಾರೆ. ಇದಕ್ಕೆ ‘ಕ್ರಾಪ್’ ಅಂತ ಹೆಸರು. ಫೋಟೋ ಕತ್ತರಿಸೋದಕ್ಕೆ ಇದ್ದ ಪದ ಈಗ ಜೊತೆಗೆ ಕೂರೋದಕ್ಕೇ ಹೆಸರಾಗಿದೆ. ಗಂಡಸರನ್ನ ಬೆರಳಲ್ಲಿ ಎಣಿಸಬಹುದಿತ್ತು. ಅವರಲ್ಲೂ ಅರ್ಧ ಜನ ನನ್ನ ಹಾಗೆ ಚೀಲ ಹಿಡಿದು ನಿಂತವರು.

ಯೂಟಾ ಯಾಕೆ ಅನ್ನೋದಕ್ಕೆ ಕಾರಣ ಇದೆ. ಇದು ಮಾರ್ಮನ್ ಪಂಥದವರ ನಾಡು. ವಂಶಾವಳಿ ಬರೆದಿಡೋದು ಅವರಿಗೆ ಬರೀ ಹವ್ಯಾಸ ಅಲ್ಲ, ಧರ್ಮದ ಕೆಲಸ. 1894ರಲ್ಲೇ ಅದಕ್ಕೊಂದು ಸಂಘ ಕಟ್ಟಿದರು. ಸಾಲ್ಟ್ ಲೇಕ್ ಸಿಟಿ ಹತ್ತಿರದ ಬೆಟ್ಟವನ್ನ ಕೊರೆದು, ಜಗತ್ತಿನ ಊರೂರಿನ ಜನನ ಮರಣ ದಾಖಲೆಗಳ ಮೈಕ್ರೋಫಿಲ್ಮನ್ನ ಕಲ್ಲಿನ ಗುಹೆಯೊಳಗೆ ಇಟ್ಟಿದ್ದಾರೆ. ಈಗಿನ ಸ್ಕ್ರ್ಯಾಪ್‌ಬುಕ್ಕಿಂಗ್ ಕೂಡ ಇಲ್ಲಿಂದಲೇ ಎದ್ದದ್ದು. ನಾವಿರೋ ಕಡೆಯಿಂದ ಅರ್ಧ ತಾಸಿನ ದಾರಿ ಸ್ಪ್ಯಾನಿಷ್ ಫೋರ್ಕ್ ಅನ್ನೋ ಊರು. ಅಲ್ಲಿನ ಮೇರಿಯೆಲೆನ್ ಕ್ರಿಸ್ಟೆನ್ಸನ್ ಅನ್ನೋ ಗೃಹಿಣಿ 1980ರಲ್ಲಿ ಸಾಲ್ಟ್ ಲೇಕ್ ಸಿಟಿಯ ದಾಖಲೆಗಳ ವಿಶ್ವ ಸಮ್ಮೇಳನದಲ್ಲಿ ತಮ್ಮ ಮನೆಯ ಆಲ್ಬಮ್‌ಗಳನ್ನ ಪ್ರದರ್ಶನಕ್ಕಿಟ್ಟರು. ಒಂದೆರಡಲ್ಲ, ಐವತ್ತು ಸಂಪುಟ. ಮರುವರ್ಷ ಅಂಗಡಿ ತೆರೆದರು. ಆಮೇಲಿನದು ವ್ಯಾಪಾರದ ಇತಿಹಾಸ.

ಮೆಚ್ಚಿದ್ದನ್ನ ಮೊದಲು ಹೇಳ್ತೀನಿ. ಇಲ್ಲಿನ ಹೆಂಗಸರಿಗೆ ಕಾಗದದ ರಸಾಯನಶಾಸ್ತ್ರ ಗೊತ್ತು. ಪೇಪರ್ ಕಟಿಂಗ್ ಯಾಕೆ ಹಳದಿ ಆಗತ್ತೆ? ಅದರಲ್ಲಿ ಮರದ ಲಿಗ್ನಿನ್ ಉಳಿದಿರತ್ತೆ, ಬೆಳಕು ಗಾಳಿ ತಾಗಿ ಅದು ಕೆಡತ್ತೆ, ಆಮ್ಲ ಹುಟ್ಟಿ ಪಕ್ಕದ ಫೋಟೋಕ್ಕೂ ಕಲೆ ಹತ್ತತ್ತೆ. ಅಂಟು ಗೆರೆ ಎಳೆದ ಪುಟದ ಮೇಲೆ ಪ್ಲಾಸ್ಟಿಕ್ ಹಾಳೆ ಎಳೆಯೋ ಆಲ್ಬಮ್ ನಮ್ಮೂರ ಎಲ್ಲಾ ಮದುವೆ ಮನೆಯಲ್ಲೂ ಇತ್ತಲ್ಲ? ಅದು ಫೋಟೋಗಳಿಗೆ ನಿಧಾನದ ವಿಷ ಅಂತ ನನಗೆ ಅಲ್ಲೇ ಗೊತ್ತಾದದ್ದು. ಆಮ್ಲ ಇಲ್ಲದ ಹಾಳೆ, ಪಿವಿಸಿ ಇಲ್ಲದ ಪ್ಲಾಸ್ಟಿಕ್ ಕವರು, ಮಾಸದ ಪಿಗ್ಮೆಂಟ್ ಶಾಯಿ. ಇಷ್ಟನ್ನ ಎಪ್ಪತ್ತರ ಅಜ್ಜಿಯೊಬ್ಬರು ನನಗೆ ಐದು ನಿಮಿಷದಲ್ಲಿ ತಿಳಿಸಿಕೊಟ್ಟರು. ಬಿಇ ಓದುವಾಗ ಎಂಜಿನಿಯರಿಂಗ್ ಕೆಮಿಸ್ಟ್ರಿಯಲ್ಲಿ ನನಗೆ ಇಷ್ಟು ತಲೆಗೆ ಹತ್ತಿರಲಿಲ್ಲ. ಹೆಂಗಸರ ಕಾಲಹರಣ ಅಂತ ಇದನ್ನ ತಳ್ಳಿಹಾಕೋರು ಒಮ್ಮೆ ಆ ಹಾಲಿನಲ್ಲಿ ಕೂತು ಬರಬೇಕು.

ಇನ್ನು ಕ್ಲಾಸು. 35 ಡಾಲರ್, ತೊಂಬತ್ತು ನಿಮಿಷ. ಮನೆಯಿಂದ ಒಂದು ಫೋಟೋ ತರಬೇಕು. ಹೆಂಡತಿ ನನಗಾಗಿ ಆರಿಸಿ ಪ್ರಿಂಟ್ ಹಾಕಿಸಿದ್ದು ನಮ್ಮಪ್ಪನ ಫೋಟೋ. 2004ರ ಕಾರಹುಣ್ಣಿಮೆಯದು. ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಬೆನ್ನ ಮೇಲೆ ಜೂಲು ಹಾಕಿದ ಜೋಡಿ ಎತ್ತು, ಕೆಂದ ಮತ್ತು ಮಲ್ಲ. ನಡುವೆ ಪಟಗ ಸುತ್ತಿದ ಅಪ್ಪ. ಅಪ್ಪ ಹೋಗಿ ಆರು ವರ್ಷ ಆಯ್ತು. ಅಜ್ಜ ಹೆಂಗಿದ್ದ ಅಂತ ಮಗಳು ಕೇಳಿದರೆ ತೋರಿಸೋದು ಇದನ್ನೇ.

ಪ್ರತಿಯೊಬ್ಬರ ಮುಂದೆ ಒಂದು ಕಿಟ್. ಅದರೊಳಗೆ ಕತ್ತರಿಸಿಟ್ಟ ಹಾಳೆ, ಮರದ ಪುಟ್ಟ ಗುಂಡಿ, ಕಾಗದದ ಹೂ, ಅಚ್ಚಾದ ಮಾತಿನ ಸ್ಟಿಕ್ಕರ್‌ಗಳು. ‘ಸಾಹಸ’, ‘ಈ ಕ್ಷಣ’, ‘ಎಂದೂ ಇಲ್ಲದ ಚೆಂದದ ದಿನ’ ಇಂಥವು, ಎಲ್ಲ ಇಂಗ್ಲಿಷಲ್ಲಿ. ಕಲಿಸೋಕೆ ಬಂದವರು ಆ ಹಾಳೆ ಮಾರೋ ಕಂಪನಿಯವರೇ. ಕೈ ಚುರುಕು, ಮಾತು ಮೆದು, ಯಾರ ಅಂಟು ಸೋರಿದರೂ ಬಂದು ಒರೆಸಿಕೊಡ್ತಿದ್ದರು. ಫೋಟೋ ಎಲ್ಲಿ ಕೂರಬೇಕು, ಕಣ್ಣು ಮೊದಲು ಎಲ್ಲಿಗೆ ಹೋಗತ್ತೆ, ಮೂರು ಕಡೆ ಒಂದೇ ಬಣ್ಣ ಯಾಕೆ ಇರಬೇಕು ಅನ್ನೋದನ್ನ ಚೆನ್ನಾಗಿ ಕಲಿಸಿದರು. ಯುಐ ಡಿಸೈನ್ ಮಾಡೋ ನಮ್ಮ ಹುಡುಗರು ಕೇಳಬೇಕಾದ ಪಾಠ ಅದು.

ಎಂಬತ್ತು ನಿಮಿಷ ಅಲಂಕಾರ. ಕೊನೆಯ ಹತ್ತು ನಿಮಿಷಕ್ಕೆ ಮೂರು ಇಂಚು ಅಗಲ, ಎರಡು ಇಂಚು ಎತ್ತರದ ಒಂದು ಗೆರೆ ಚೀಟಿ ಕೊಟ್ಟರು. ಇದರಲ್ಲಿ ಫೋಟೋದ ಕಥೆ ಬರೀರಿ, ಈಗ ಆಗದಿದ್ದರೆ ಮನೆಯಲ್ಲಿ ಬರೆದು ಅಂಟಿಸಿ ಅಂದರು. ಸುತ್ತಲಿನ ಬಹುಪಾಲು ಮಂದಿ ಆ ಚೀಟಿಯನ್ನ ಖಾಲಿಯಾಗೇ ಅಂಟಿಸಿ ಎದ್ದರು. ಎದ್ದವರು ನೇರ ಆ ಕಂಪನಿಯ ಮಳಿಗೆಗೆ ಹೋದರು, ಯಾಕಂದ್ರೆ ಅದೇ ಹಾಳೆ ಅಲ್ಲಿ ಸಿಗ್ತಿತ್ತು.

ನನಗೂ ಬರೆಯೋಕೆ ಏನೂ ಇರಲಿಲ್ಲ. ‘ಅಪ್ಪ, ಕಾರಹುಣ್ಣಿಮೆ, 2004’ ಅಂತ ಬರೆದೆ. ಮುಂದೆ? ಹೊರಗೆ ಬಂದು ಊರಿಗೆ ಫೋನ್ ಹಚ್ಚಿದೆ. ಅಲ್ಲಿ ರಾತ್ರಿ ಹತ್ತು. ಅವ್ವ ಇನ್ನೂ ಮಲಗಿರಲಿಲ್ಲ.

‘ಅವ್ವ, ಆ ಎತ್ತಿನ ಫೋಟೋ ಯಾರು ತೆಗೆದದ್ದು?’

‘ಗದಗಿನ ಸ್ಟುಡಿಯೋದಾಂವ. ನಿಮ್ಮಪ್ಪನ ಕರಸಿದ್ದ.’

‘ಯಾವ ಕಾರಹುಣ್ಣಿವಿಗೂ ಫೋಟೋ ತೆಗೆಸಿದಾಂವ ಅಲ್ಲಲ್ಲ ಅಂವ?’

‘ಮಾರಾಕ ಮಾತಾಗಿತ್ತಲ್ಲೋ. ತಗೊಳ್ಳೋರು ಬಂದು ನೋಡಿ ಹೋಗಿದ್ರು. ಇದ್ದಾಗ ಒಂದು ತೆಗಸಿ ಇಡೂಣು ಅಂದ. ನಿನಗ ಹೇಳಬ್ಯಾಡ ಅಂದಿದ್ದ, ಸೀಟು ಬ್ಯಾಡ ಅಂದಗಿಂದೀ ಅಂತ.’

ನನ್ನ ಬಿಇ ಫೀಸಿಗೆ ಎತ್ತು ಮಾರಿದ್ದು ನನಗೆ ಗೊತ್ತಿತ್ತು. ಫೋಟೋ ತೆಗೆಸಿದ್ದು ಹಬ್ಬಕ್ಕೆ ಅಂತ ತಿಳಿದಿದ್ದೆ. ಹದಿನೈದು ವರ್ಷ ಹಾಗೇ ತಿಳಿದಿದ್ದೆ. ಫೋಟೋದಲ್ಲಿ ಅಪ್ಪ ಕ್ಯಾಮೆರಾ ಕಡೆ ನೋಡದೆ ಮಲ್ಲನ ಕಡೆ ನೋಡ್ತಿದ್ದಾನೆ. ಬಿಸಿಲಿಗೆ ಮುಖ ತಿರುಗಿಸಿರಬೇಕು ಅಂದುಕೊಂಡಿದ್ದೆ. ಆ ಫೋಟೋದ ಕೆಳಗೆ ನಾನು ಅಷ್ಟೊತ್ತಿಗಾಗಲೇ ‘ಎಂದೂ ಇಲ್ಲದ ಚೆಂದದ ದಿನ’ ಅಂಟಿಸಿಬಿಟ್ಟಿದ್ದೆ, ಜಾಗ ಖಾಲಿ ಇತ್ತು ಅಂತ.

ನನ್ನ ತಕರಾರು ಇರೋದು ಇಲ್ಲಿ. ಸ್ಟಿಕ್ಕರ್ ಮಾರೋದು ತಪ್ಪಲ್ಲ. ಮನುಷ್ಯ ಹಬ್ಬಕ್ಕೆ ಎತ್ತಿನ ಕೋಡಿಗೇ ಬಣ್ಣ ಬಳಿಯೋನು, ಫೋಟೋ ಸುತ್ತ ಹೂ ಅಂಟಿಸಿದರೆ ಏನಾಯ್ತು? ಆದರೆ ಮಾತನ್ನ ಮೊದಲೇ ಅಚ್ಚು ಹಾಕಿ ಕೊಟ್ಟರೆ ಕೇಳೋ ಪ್ರಶ್ನೆ ಹುಟ್ಟೋದೇ ಇಲ್ಲ. ಮಾರ್ಕ್ ಟ್ವೇನ್ 1873ರಲ್ಲಿ ಒಂದು ಸ್ಕ್ರ್ಯಾಪ್‌ಬುಕ್ಕಿಗೆ ಪೇಟೆಂಟ್ ತಗೊಂಡಿದ್ದ. ಪುಟಕ್ಕೆ ಮೊದಲೇ ಅಂಟು ಸವರಿರತ್ತೆ, ನೀರು ಹಚ್ಚಿದರೆ ಸಾಕು. ಅವನು ಮಾರಿದ್ದು ಅಂಟನ್ನ, ಪುಟ ಖಾಲಿಯಾಗೇ ಇತ್ತು. ಈಗ ಮಾರೋದು ತುಂಬಿದ ಪುಟವನ್ನ, ಅದರಲ್ಲಿ ನಾವು ಸೇರಿಸೋದು ಒಂದು ಮುಖ ಮಾತ್ರ. ಆ ಕ್ಲಾಸಿನಲ್ಲಿ ಮೂವತ್ತು ಜನ ಮಾಡಿದ ಮೂವತ್ತು ಪುಟವನ್ನ ಸಾಲಾಗಿ ಇಟ್ಟರೆ ಮದುವೆ ಯಾವುದು, ಬೀಳ್ಕೊಡುಗೆ ಯಾವುದು ಅಂತ ಹೇಳೋಕಾಗ್ತಿರಲಿಲ್ಲ. ಎಲ್ಲ ಪುಟದಲ್ಲೂ ಖುಷಿ ಒಂದೇ ಅಳತೆಯದು.

ಇದನ್ನ ಅವರ ಮೇಲೆ ಹೊರಿಸಿ ನಾನು ಕೈ ತೊಳಕೊಳ್ಳೋ ಹಾಗಿಲ್ಲ. ನನ್ನ ಫೋನು ತಿಂಗಳಿಗೊಮ್ಮೆ ತಾನೇ ಫೋಟೋ ಆರಿಸಿ, ಹಾಡು ಹಾಕಿ, ‘ನಿಮ್ಮ ನೆನಪುಗಳು’ ಅಂತ ವಿಡಿಯೋ ಕಳಿಸತ್ತೆ. ಅಂಥ ಸಾಫ್ಟ್‌ವೇರ್ ಬರೆಯೋರು ನಾವೇ. ನಗು ಇರೋ ಮುಖ ಹುಡುಕೋದನ್ನ ಅದಕ್ಕೆ ಕಲಿಸಿದ್ದೀವಿ. ಅಪ್ಪ ಯಾಕೆ ಎತ್ತಿನ ಕಡೆ ನೋಡ್ತಿದ್ದ ಅನ್ನೋದು ಯಾವ ಕೋಡಿಗೂ ಸಿಗಲ್ಲ. ಅದು ಅವ್ವನ ತಲೆಯಲ್ಲಿ ಮಾತ್ರ ಇತ್ತು, ಬ್ಯಾಕಪ್ ಇಲ್ಲದೆ.

ಮಧ್ಯಾಹ್ನ ಆ ಉದ್ದ ಮೇಜಿನ ಹಾಲಿನಲ್ಲಿ ಹೆಂಡತಿಗೆ ಕಾಯ್ತಾ ಕೂತಿದ್ದೆ. ಕಾಗದದ ಪಾಠ ಹೇಳಿದ ಅಜ್ಜಿ ಅಲ್ಲೇ ಇದ್ದರು. ಅವರ ಆಲ್ಬಮ್ ನೋಡೋಕೆ ಅಷ್ಟೇನೂ ಚೆಂದ ಇಲ್ಲ. ತಾಯಿಯ ಕೈಬರಹದ ಅಡುಗೆ ಚೀಟಿ, ಆಸ್ಪತ್ರೆಯಲ್ಲಿ ಕೈಗೆ ಕಟ್ಟೋ ಹೆಸರಿನ ಪಟ್ಟಿ, ಗಂಡ ಟ್ರಕ್ ಕೊಂಡ ರಸೀದಿ. ಪ್ರತಿ ಪುಟದ ಎದುರು ಪುಟ ಪೂರ್ತಿ ಅವರದೇ ಅಕ್ಷರ, ಓರೆಕೋರೆಯಾಗಿ. ಗಂಡನ ಜೊತೆ ಜಗಳ ಆಡಿದ್ದೂ ಬರೆದಿದ್ದರು. ನಿಮ್ಮ ಫೋಟೋ ಎಲ್ಲೂ ಇಲ್ಲವಲ್ಲ ಅಂದೆ. ಇಪ್ಪತ್ತು ವರ್ಷ ಕ್ಯಾಮೆರಾ ನನ್ನ ಕೈಯಲ್ಲೇ ಇತ್ತು, ಅದಕ್ಕೇ ಬರೀತೀನಿ, ಬರೆಯದಿದ್ದರೆ ನಾನು ಆ ಮನೆಯಲ್ಲಿ ಇದ್ದೆ ಅನ್ನೋದಕ್ಕೆ ಏನು ಗುರುತು ಅಂದರು. ಇಡೀ ಸಮಾವೇಶದಲ್ಲಿ ನಾನು ಕಂಡ ಒಳ್ಳೆ ಕೃತಿ ಅದು. ಅದನ್ನ ಯಾವ ಕ್ಲಾಸಿನಲ್ಲೂ ಕಲಿಸ್ತಿರಲಿಲ್ಲ.

ಆಗ ನೆನಪಾದದ್ದು ಹೆಳವರು. ಉತ್ತರ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ ಬಂದು, ಕಟ್ಟೆಯ ಮೇಲೆ ಕೂತು, ಮನೆತನದ ಹೆಸರುಗಳನ್ನ ತಲೆಮಾರು ತಲೆಮಾರಾಗಿ ಓದಿ ಹೇಳಿ ಕಾಳುಕಡಿ ತಗೊಂಡು ಹೋಗೋರು. ಒಂದು ಚಿತ್ರ ಇಲ್ಲ, ಹೂ ಇಲ್ಲ, ಬರೀ ಹೆಸರು. ಯಾವ ಊರಿಂದ ಯಾವ ಊರಿಗೆ ಬಂದರು, ಯಾರಿಗೆ ಯಾರು ಹುಟ್ಟಿದರು. ಮಾರ್ಮನ್ನರು ಬೆಟ್ಟ ಕೊರೆದು ಮಾಡಿದ್ದನ್ನ ಅವರು ಹೆಗಲ ಚೀಲದಲ್ಲಿ ಹೊತ್ತು ತಿರುಗಿದರು. ಸ್ಕ್ರ್ಯಾಪ್‌ಬುಕ್ಕಿಗಿಂತ ನಮ್ಮ ಹೆಳವರೇ ದೊಡ್ಡವರು ಅಂತ ಬರೆದು ಈ ಅಂಕಣ ಮುಗಿಸೋ ಆಸೆ ಆಗಿತ್ತು. ಆದರೆ ನಮ್ಮ ಮನೆಯಲ್ಲಿ ಹೆಳವ ಓದಿದ್ದನ್ನ ನಾನು ಎರಡು ಸಲ ಕೇಳಿದ್ದೀನಿ. ಅಜ್ಜ, ಮುತ್ತಜ್ಜ, ಅವನಪ್ಪ. ಅಜ್ಜಿಯ ಹೆಸರು ಬಂದದ್ದು ನನಗೆ ನೆನಪಿಲ್ಲ. ರೊಟ್ಟಿ ತಟ್ಟುತ್ತಾ ಒಳಗಿಂದ ಕೇಳ್ತಿದ್ದ ಅವ್ವನ ಹೆಸರೂ ಬರಲಿಲ್ಲ. ಆ ಹಾಲಿನಲ್ಲಿ ಮಧ್ಯರಾತ್ರಿ ತನಕ ಕೂತು ಅಂಟಿಸೋ ಹೆಂಗಸರು, ಚೀಟಿ ಖಾಲಿ ಬಿಟ್ಟವರನ್ನೂ ಸೇರಿಸಿ, ಆ ಕೊರತೆಯನ್ನೇ ತುಂಬೋಕೆ ಕೂತವರು. ಅವರಿಗೆ ಇನ್ನೊಂದಿಷ್ಟು ದೊಡ್ಡ ಚೀಟಿ ಕೊಟ್ಟಿದ್ದರೆ ಸಾಕಿತ್ತು.

ಸಮಾವೇಶ ನಡೆಸೋರಿಗೆ ನಾನೇನಾದರೂ ಹೇಳಬಹುದಾದರೆ ಇಷ್ಟೇ: ಕ್ಲಾಸಿನ ಸಮಯ ತಿರುಗಿಸಿ. ಮೊದಲ ಅರ್ಧ ತಾಸು ಬರೆಯಲಿ, ಬೇಕಾದರೆ ಮನೆಗೆ ಫೋನ್ ಮಾಡಿ ಕೇಳಲಿ. ಕಥೆ ಗೊತ್ತಾದ ಮೇಲೆ ಬಣ್ಣ ಆರಿಸಲಿ. ಅಂಗಡಿಗೂ ನಷ್ಟ ಆಗಲ್ಲ.

ಸ್ಟಿಕ್ಕರನ್ನ ಆ ರಾತ್ರಿಯೇ ಬ್ಲೇಡಿನಿಂದ ಎಬ್ಬಿಸಿದೆ. ಹಾಳೆಯ ಸಿಪ್ಪೆಯೂ ಒಂದಿಷ್ಟು ಕಿತ್ತು ಬಂತು, ಆ ಗಾಯ ಹಾಗೇ ಇದೆ. ಎದುರಿನ ಹಾಳೆಯಲ್ಲಿ ಅವ್ವ ಫೋನಿನಲ್ಲಿ ಹೇಳಿದ್ದನ್ನ ಅವಳ ಮಾತಿನಲ್ಲೇ ಬರೆದೆ. ಮಗಳಿಗೆ ಇನ್ನೂ ಕನ್ನಡ ಓದೋಕೆ ಬರಲ್ಲ, ಹಾಗಾಗಿ ಅದನ್ನ ನಾನೇ ಓದಿ ಹೇಳಬೇಕು. ಬರೆಯುತ್ತಾ ಇನ್ನೊಂದು ಪ್ರಶ್ನೆ ಹುಟ್ಟಿತು. ಮರುದಿನ ಮತ್ತೆ ಫೋನ್ ಮಾಡಿದೆ.

‘ಅವ್ವ, ಫೋಟೋ ತೆಗೆಯೋವಾಗ ನೀ ಎಲ್ಲಿದ್ದಿ?’

‘ಅಲ್ಲೇ ಇದ್ನೆಲ್ಲೋ, ಆರತಿ ತಾಟು ಹಿಡಕೊಂಡು. ಸ್ಟುಡಿಯೋದಾಂವ ಸ್ವಲ್ಪ ಈಕಡೆ ಸರೀರಿ ಅಂದ, ಸರದೆ.’

ಪುಟದ ಕೊನೆಯ ಸಾಲು ಅದು. ಅವಳ ಹೆಸರಿನ ಜೊತೆ ಬರೆದಿದ್ದೀನಿ.